ಪುಸ್ತಕ ಮುಚ್ಚಿಟ್ಟು ಓದುವುದು: ಎಸ್ಸೆಸ್ಸೆಲ್ಸಿಗೆ ಕೊನೆಯ ಎಂಟು ವಾರ

"ಮೂರು ಸಲ ಓದಿದೀನಿ ಮಿಸ್. ಓದುವಾಗ ಎಲ್ಲಾ ಬರುತ್ತೆ. ಬರಿಯೋಕೆ ಕೂತ್ರೆ ಒಂದೂ ಬರಲ್ಲ."

ಜನವರಿ ಬಂತೆಂದರೆ ಈ ಮಾತನ್ನು ಹತ್ತು ಮಕ್ಕಳ ಬಾಯಲ್ಲಾದರೂ ಕೇಳುತ್ತೇನೆ. ಹೋದ ವರ್ಷ ಹೀಗೆ ಹೇಳಿದವಳು ತರಗತಿಯಲ್ಲಿ ಎಲ್ಲರಿಗಿಂತ ಹೆಚ್ಚು ಹೊತ್ತು ಪುಸ್ತಕ ಹಿಡಿಯುವ ಹುಡುಗಿ. ಅವಳ ವಿಜ್ಞಾನದ ಪುಸ್ತಕ ತೆಗೆದು ನೋಡಿದೆ. ಇಮ್ಮಡಿ ಪರಿಚಲನೆಯ ಪುಟ ಹಳದಿ, ಗುಲಾಬಿ, ಹಸಿರು ಹೈಲೈಟರ್ ಬಳಿದು ಹೋಳಿ ಆಡಿದಂತಿತ್ತು. ಪುಸ್ತಕ ಮುಚ್ಚಿಸಿ, ಬಿಳಿ ಹಾಳೆ ಕೊಟ್ಟು, "ಹೃದಯ ಬರೆದು ರಕ್ತ ಹೋಗೋ ದಾರಿಗೆ ಬಾಣ ಹಾಕಮ್ಮ" ಎಂದೆ. ನಾಲ್ಕು ಕೋಣೆ ಬಂತು. ಎಡ ಬಲ ಅದಲುಬದಲಾಗಿತ್ತು. ಪುಸ್ತಕದ ಚಿತ್ರದಲ್ಲಿ ಹೃದಯದ ಬಲಭಾಗ ನಮ್ಮ ಎಡಗೈ ಕಡೆಗಿರುತ್ತದೆ. ಮೂರು ಸಲ ಓದಿದಾಗಲೂ ಇದು ಅವಳ ಗಮನಕ್ಕೆ ಬಂದಿರಲಿಲ್ಲ. ಒಮ್ಮೆ ಬರೆದದ್ದೇ ತಡ, ಸಿಕ್ಕಿಬಿತ್ತು.

ಈ ಲೇಖನದಲ್ಲಿ ನಾನು ಹೇಳಬೇಕಾದ್ದರಲ್ಲಿ ಮುಕ್ಕಾಲು ಪಾಲು ಇಷ್ಟೇ. ಪರೀಕ್ಷೆಯ ಭಯದ ದೊಡ್ಡ ಭಾಗ ಹುಟ್ಟುವುದೂ ಇಲ್ಲಿಯೇ. ಓದಿದ್ದೇನೆ ಎಂಬುದು ಗೊತ್ತು, ಬರುತ್ತದೋ ಇಲ್ಲವೋ ಗೊತ್ತಿಲ್ಲ. ಆ ಗೊತ್ತಿಲ್ಲದ್ದು ರಾತ್ರಿ ಹನ್ನೊಂದಕ್ಕೆ ಬಂದು ಎದೆಯ ಮೇಲೆ ಕೂರುತ್ತದೆ. ಹಾಗಾಗಿ ಓದಿನ ಕ್ರಮ ಒಂದು ಕಡೆ, ಭಯ ಇನ್ನೊಂದು ಕಡೆ ಎಂದು ಇಲ್ಲಿ ಬೇರೆ ಮಾಡಿಲ್ಲ. ರಾಜ್ಯ ಪಠ್ಯಕ್ರಮದ ಹತ್ತನೇ ತರಗತಿಯ ಮಕ್ಕಳನ್ನು ಮನಸ್ಸಿನಲ್ಲಿಟ್ಟು ಬರೆದಿದ್ದೇನೆ. ಪಿಯುಸಿಯವರಿಗೂ ದಾರಿ ಇದೇ.

ಹೆಜ್ಜೆ 1: ಮೊದಲ ಮೂರು ದಿನ ಓದಬೇಡಿ, ಲೆಕ್ಕ ತೆಗೆಯಿರಿ

ಒಟ್ಟು 625 ಅಂಕ. ಪ್ರಥಮ ಭಾಷೆಗೆ 125, ಉಳಿದ ಐದು ವಿಷಯಕ್ಕೆ ತಲಾ 100. ಇದರಲ್ಲಿ ಆಂತರಿಕ ಮೌಲ್ಯಮಾಪನದ್ದು ಪ್ರಥಮ ಭಾಷೆಗೆ 25, ಉಳಿದವಕ್ಕೆ 20ರಂತೆ ಒಟ್ಟು 125. ಪರೀಕ್ಷೆಯ ಕೊಠಡಿಯಲ್ಲಿ ನೀವು ಕೈಯಾರೆ ಬರೆದು ಗಳಿಸಬೇಕಾದದ್ದು 500. ಹೀಗೆ ಒಡೆದು ನೋಡಿದಾಗಲೇ ಬೆಟ್ಟ ಸ್ವಲ್ಪ ಗುಡ್ಡವಾಗುತ್ತದೆ.

ಈಗ ಒಂದು ಇನ್ನೂರು ಪುಟದ ನೋಟ್‌ಬುಕ್ ತೆಗೆದುಕೊಳ್ಳಿ. ವಿಷಯಕ್ಕೊಂದು ಪುಟ. ಪ್ರತಿ ಪುಟದಲ್ಲಿ ಮೂರು ಕಂಬಸಾಲು: "ಬರುತ್ತೆ", "ಅರ್ಧ ಬರುತ್ತೆ", "ಬರಲ್ಲ". ಒಂದೊಂದೇ ಪಾಠದ ಹೆಸರನ್ನು ಈ ಮೂರರಲ್ಲಿ ಒಂದಕ್ಕೆ ಹಾಕುತ್ತಾ ಹೋಗಿ. ಒಂದು ಷರತ್ತಿದೆ. ಪಾಠ ಮಾಡಿದ ನೆನಪಿನ ಮೇಲೆ ಹಾಕುವಂತಿಲ್ಲ. ಆ ಪಾಠದಿಂದ ಹಳೆಯ ಪ್ರಶ್ನೆಪತ್ರಿಕೆಯಲ್ಲಿ ಬಂದ ಎರಡು ಪ್ರಶ್ನೆ ಹುಡುಕಿ, ಪುಸ್ತಕ ನೋಡದೆ ಬರೆದು, ಆಮೇಲೆ ಹಾಕಬೇಕು. ಹಳೆಯ ಪತ್ರಿಕೆ, ಮಾದರಿ ಪತ್ರಿಕೆಗಳು ಕರ್ನಾಟಕ ಶಾಲಾ ಪರೀಕ್ಷೆ ಮತ್ತು ಮೌಲ್ಯನಿರ್ಣಯ ಮಂಡಳಿಯ ಜಾಲತಾಣದಲ್ಲಿ ಸಿಗುತ್ತವೆ. ಶಾಲೆಯ ಮೇಷ್ಟ್ರ ಬೀರುವಿನಲ್ಲೂ ಇರುತ್ತವೆ, ಕೇಳಿದರೆ ಕೊಡುತ್ತಾರೆ.

ಈ ಮೂರು ದಿನ ಬೇಜಾರಾಗುತ್ತದೆ. "ಬರಲ್ಲ" ಕಂಬಸಾಲು ಉದ್ದವಾಗುತ್ತಾ ಹೋಗುವುದನ್ನು ನೋಡಿ ಕೆಲವು ಮಕ್ಕಳು ಅತ್ತದ್ದೂ ಇದೆ. ಆದರೂ ಮಾಡಿ. "ಏನೂ ಬರಲ್ಲ" ಎಂಬುದು ಭಯ. "ವಿದ್ಯುಚ್ಛಕ್ತಿ, ತ್ರಿಕೋನಮಿತಿ, ಇನ್ನೊಂದು ನಾಲ್ಕು ಪಾಠ ಬರಲ್ಲ" ಎಂಬುದು ಕೆಲಸ. ಕೆಲಸವಾದರೆ ಮಾಡಿ ಮುಗಿಸಬಹುದು.

ಹೆಜ್ಜೆ 2: ಓದಿ, ಮುಚ್ಚಿ, ಬರೆಯಿರಿ

ನಮ್ಮ ತಾತ ಸಂಜೆ ದೀಪ ಹಚ್ಚಿದ ಮೇಲೆ ಮಗ್ಗಿ ಹೇಳಿಸುತ್ತಿದ್ದರು. ಸಾಲಾಗಿ ಹೇಳಿದರೆ ಅವರಿಗೆ ಸಮಾಧಾನವಿಲ್ಲ. ಊಟಕ್ಕೆ ಕೂತಾಗ, ಬಾವಿಕಟ್ಟೆಯ ಹತ್ತಿರ, ಎಲ್ಲೆಂದರಲ್ಲಿ "ಹದಿಮೂರೇಳಲಿ ಎಷ್ಟೋ?" ಎಂದು ತಟ್ಟನೆ ಕೇಳುವರು. ತೊಂಬತ್ತೊಂದು ಎಂದು ಬಾಯಿಗೆ ಬರುವವರೆಗೂ ಬಿಡುತ್ತಿರಲಿಲ್ಲ. ಅವರು ಮಾಡುತ್ತಿದ್ದುದನ್ನೇ ಮನೋವಿಜ್ಞಾನಿಗಳು ಬಹಳ ತಡವಾಗಿ ಪ್ರಯೋಗ ಮಾಡಿ ನೋಡಿದರು. 2006ರಲ್ಲಿ ಅಮೆರಿಕದ ರೋಡಿಗರ್ ಮತ್ತು ಕಾರ್ಪಿಕೆ ಕಾಲೇಜು ವಿದ್ಯಾರ್ಥಿಗಳಿಗೆ ಒಂದು ಗದ್ಯಭಾಗ ಕೊಟ್ಟರು. ಒಂದು ಗುಂಪು ಅದನ್ನೇ ಮತ್ತೆ ಓದಿತು. ಇನ್ನೊಂದು ಗುಂಪು ಓದಿದ್ದನ್ನು ನೆನಪಿನಿಂದ ಬರೆಯಿತು. ಐದು ನಿಮಿಷ ಬಿಟ್ಟು ಕೇಳಿದಾಗ ಮತ್ತೆ ಓದಿದವರೇ ಮುಂದೆ: ಶೇ. 81, ಬರೆದವರು ಶೇ. 75. ಒಂದು ವಾರ ಬಿಟ್ಟು ಕೇಳಿದಾಗ ಕಥೆ ತಿರುಗಿತ್ತು. ಮತ್ತೆ ಓದಿದವರಿಗೆ ನೆನಪಿದ್ದದ್ದು ಶೇ. 42, ಬರೆದವರಿಗೆ ಶೇ. 56.

ಐದು ನಿಮಿಷದ ಆ ಫಲಿತಾಂಶವೇ ಮಕ್ಕಳನ್ನು ಮೋಸ ಮಾಡುವುದು. ಓದಿ ಎದ್ದ ಕೂಡಲೇ ಎಲ್ಲವೂ ಬಂದಂತೆ ಅನಿಸುತ್ತದೆ. ಪರೀಕ್ಷೆ ಐದು ನಿಮಿಷಕ್ಕೆ ಇರುವುದಿಲ್ಲ.

ಮಾಡುವುದು ಹೀಗೆ. ಪಾಠದ ಎರಡು ಮೂರು ಪುಟ ನಿಧಾನವಾಗಿ ಓದಿ. ಪೆನ್ನು, ಹೈಲೈಟರ್ ಯಾವುದೂ ಬೇಡ. ಪುಸ್ತಕ ಮುಚ್ಚಿ. ರಫ್ ಹಾಳೆಯಲ್ಲಿ ನೆನಪಿದ್ದದ್ದೆಲ್ಲ ಬರೆಯಿರಿ: ಚಿತ್ರ, ಸಮೀಕರಣ, ಇಸವಿ, ಬಿಡಿ ಪದ, ಏನಾದರೂ ಸರಿ. ಅಕ್ಷರ ಅಂದವಾಗಿರಬೇಕಿಲ್ಲ. ಸಿಗದಿದ್ದಾಗ ತಕ್ಷಣ ಪುಸ್ತಕಕ್ಕೆ ಕೈ ಹಾಕಬೇಡಿ, ಒಂದು ನಿಮಿಷ ತಿಣುಕಾಡಿ. ಆ ತಿಣುಕಾಟದಲ್ಲೇ ಕಲಿಕೆ ಇರುವುದು. ಕೊನೆಗೆ ಪುಸ್ತಕ ತೆರೆದು, ಬಿಟ್ಟುಹೋದದ್ದನ್ನು ಕೆಂಪು ಪೆನ್ನಿನಲ್ಲಿ ಅದೇ ಹಾಳೆಯ ಮೇಲೆ ಸೇರಿಸಿ. ನಾಳೆ ಓದಬೇಕಾದದ್ದು ಆ ಕೆಂಪು ಅಕ್ಷರ ಮಾತ್ರ.

ಬರೆಯಲು ಬೇಸರವಾದರೆ ಗಟ್ಟಿಯಾಗಿ ಹೇಳಿ. ತಂಗಿಗೋ ಅಜ್ಜಿಗೋ ವಿವರಿಸಿ. ಪಾತ್ರೆ ತೊಳೆಯುವ ಅಮ್ಮನ ಪಕ್ಕ ನಿಂತು ದ್ಯುತಿಸಂಶ್ಲೇಷಣೆ ಹೇಳಿ. ಅಮ್ಮನಿಗೆ ಅರ್ಥವಾಗಬೇಕೆಂದೇನಿಲ್ಲ, ಎಲ್ಲಿ ತಡವರಿಸಿದಿರಿ ಎಂಬುದು ನಿಮಗೆ ಗೊತ್ತಾದರೆ ಸಾಕು.

ಕಂಠಪಾಠವನ್ನು ಹೀಗಳೆಯುವವರ ಸಾಲಿಗೆ ನಾನು ಸೇರಿಲ್ಲ. ಕನ್ನಡ ಪತ್ರಿಕೆಯಲ್ಲಿ ಪದ್ಯ ಪೂರ್ಣಗೊಳಿಸಲು ಕೊಡುತ್ತಾರೆ, ಅಲ್ಲಿ ಬಾಯಿಪಾಠವೇ ಗತಿ. ಸೂತ್ರಗಳಿಗೂ ಅಷ್ಟೇ. ಆದರೆ ಗೈಡಿನ ಐದು ಅಂಕದ ಉತ್ತರವನ್ನು ಅಲ್ಪವಿರಾಮ ಸಮೇತ ಉರುಹೊಡೆಯುವುದು ಬೇರೆ. ನಡುವೆ ಒಂದು ಪದ ಕೈಕೊಟ್ಟರೆ ಹಿಂದಿನದೂ ಇಲ್ಲ, ಮುಂದಿನದೂ ಇಲ್ಲ.

ಗಣಿತಕ್ಕೆ ಪ್ರತ್ಯೇಕ ಮಾತು. ಬಿಡಿಸಿದ ಲೆಕ್ಕವನ್ನು ಓದುವುದು ಓದಲ್ಲ. ಕೆರೆ ಏರಿಯ ಮೇಲೆ ಕೂತು ಈಜು ಕಲಿತವರಿಲ್ಲ. ಉದಾಹರಣೆ ಲೆಕ್ಕದ ಉತ್ತರಕ್ಕೆ ಹಾಳೆ ಅಡ್ಡ ಹಿಡಿದು, ನೀವೇ ಬಿಡಿಸಿ, ಸಿಕ್ಕಿಕೊಂಡ ಕಡೆ ಒಂದು ಸಾಲು ಮಾತ್ರ ಇಣುಕಿ ನೋಡಿ, ಮತ್ತೆ ಮುಚ್ಚಿ. ಇನ್ನೊಂದು ವಿಷಯವನ್ನು ಬಹಳ ಮಕ್ಕಳಿಗೆ ಯಾರೂ ಹೇಳಿರುವುದಿಲ್ಲ. ವರ್ಗಸಮೀಕರಣದ ಅಭ್ಯಾಸ ಮಾಡುವಾಗ ಎಲ್ಲ ಲೆಕ್ಕವೂ ವರ್ಗಸಮೀಕರಣದ್ದೇ ಎಂದು ಪಾಠದ ತಲೆಬರಹವೇ ಹೇಳಿಬಿಟ್ಟಿರುತ್ತದೆ. ಪರೀಕ್ಷೆಯಲ್ಲಿ ತಲೆಬರಹ ಇರುವುದಿಲ್ಲ. "ಒಂದು ಆಯತಾಕಾರದ ಹೊಲದ..." ಎಂದು ಶುರುವಾದ ಪ್ರಶ್ನೆ ಯಾವ ಪಾಠದ್ದು ಎಂದು ಗುರುತಿಸುವುದೇ ಅರ್ಧ ಉತ್ತರ. ಅದಕ್ಕೇ ವಾರಕ್ಕೆ ಎರಡು ದಿನ ಬೆರಕೆ ಲೆಕ್ಕ ಮಾಡಿ. ಸಮಾಂತರ ಶ್ರೇಢಿಯಿಂದ ಎರಡು, ತ್ರಿಕೋನಮಿತಿಯಿಂದ ಎರಡು, ಸಂಖ್ಯಾಶಾಸ್ತ್ರದಿಂದ ಒಂದು. ಗೆಳತಿಯೊಬ್ಬಳು ಆರಿಸಿಕೊಟ್ಟರೆ ಇನ್ನೂ ಚೆನ್ನ.

ಹೆಜ್ಜೆ 3: ಮದುವೆ ಕಾಗದ ಮತ್ತು ಮೂರು ಸ್ವೀಟ್ ಡಬ್ಬ

ಜರ್ಮನಿಯ ಹರ್ಮನ್ ಎಬ್ಬಿಂಗ್‌ಹೌಸ್ ಅರ್ಥವಿಲ್ಲದ ಉಚ್ಚಾರಾಂಶಗಳನ್ನು ತಾನೇ ಬಾಯಿಪಾಠ ಮಾಡಿ, ಎಷ್ಟು ಹೊತ್ತಿಗೆ ಎಷ್ಟು ಮರೆಯುತ್ತದೆ ಎಂದು ಅಳೆದು 1885ರಲ್ಲಿ ಪ್ರಕಟಿಸಿದ. ಮರೆವು ಮೊದಲ ಒಂದೆರಡು ದಿನದಲ್ಲೇ ಜಾಸ್ತಿ, ಆಮೇಲೆ ನಿಧಾನ. ಅಂದರೆ ಇವತ್ತು ಬಂದದ್ದು ನಾಡಿದ್ದಿಗೆ ಮರೆತರೆ ನಿಮ್ಮ ತಲೆಯಲ್ಲಿ ದೋಷವಿಲ್ಲ, ಎಲ್ಲರ ತಲೆಯೂ ಹಾಗೆಯೇ. ಮರೆಯುವ ಹೊತ್ತಿಗೆ ಸರಿಯಾಗಿ ಇನ್ನೊಮ್ಮೆ ಕೇಳಿಕೊಂಡರೆ ಮುಂದಿನ ಸಲ ಅಷ್ಟು ಬೇಗ ಜಾರುವುದಿಲ್ಲ.

ಮನೆಯಲ್ಲಿ ಹಳೆಯ ಮದುವೆ ಕಾಗದಗಳು ಬೇಕಾದಷ್ಟು ಇರುತ್ತವೆ. ಖಾಲಿ ಬದಿ ಬರುವಂತೆ ಇಸ್ಪೀಟ್ ಎಲೆಯಷ್ಟು ಅಗಲಕ್ಕೆ ಕತ್ತರಿಸಿ. ಒಂದು ಕಡೆ ಪ್ರಶ್ನೆ: "ಸಹಾಯಕ ಸೈನ್ಯ ಪದ್ಧತಿ: ಯಾರು, ಯಾವಾಗ, ಷರತ್ತು ಏನು?" ಹಿಂದೆ ಉತ್ತರ: "ವೆಲ್ಲೆಸ್ಲಿ, 1798..." ಅಚ್ಚಾದ ಕಡೆ ಬರೆಯಲಾಗದಿದ್ದರೆ ಬಿಳಿ ಹಾಳೆ ಅಂಟಿಸಿ. ಹಬ್ಬಕ್ಕೆ ಬಂದ ಮೂರು ಸ್ವೀಟ್ ಡಬ್ಬ ಎತ್ತಿಡಿ. ಮೊದಲನೆಯದರ ಚೀಟಿಗಳನ್ನು ದಿನಾ ನೋಡಬೇಕು. ಸರಿ ಹೇಳಿದ ಚೀಟಿ ಎರಡನೆಯ ಡಬ್ಬಕ್ಕೆ ಹೋಗುತ್ತದೆ, ಅದನ್ನು ಮೂರು ದಿನಕ್ಕೊಮ್ಮೆ ತೆಗೆಯುವುದು. ಅಲ್ಲೂ ಸರಿಯಾದರೆ ಮೂರನೆಯದಕ್ಕೆ, ಅದು ಹತ್ತು ದಿನಕ್ಕೊಮ್ಮೆ. ಎಲ್ಲೇ ತಪ್ಪಿದರೂ ಚೀಟಿ ಮತ್ತೆ ಮೊದಲ ಡಬ್ಬಕ್ಕೆ. ಸೆಬಾಸ್ಟಿಯನ್ ಲೈಟ್ನರ್ ಎಂಬ ಜರ್ಮನ್ ಪತ್ರಕರ್ತ 1972ರಲ್ಲಿ ಜನಪ್ರಿಯಗೊಳಿಸಿದ ಉಪಾಯ ಇದು. ಡಬ್ಬಗಳ ದಿನದ ಅಂತರ ಮಾತ್ರ ನಾನು ನಮ್ಮ ಮಕ್ಕಳಿಗೆ ತಕ್ಕಂತೆ ಮಾಡಿಕೊಂಡದ್ದು.

ದಿನಕ್ಕೆ ಇಪ್ಪತ್ತು ಚೀಟಿಗಿಂತ ಹೆಚ್ಚು ಹೊಸದಾಗಿ ಬರೆಯಬೇಡಿ. ಚೀಟಿ ಬರೆಯುವುದೇ ಒಂದು ಹವ್ಯಾಸವಾಗಿ, ಬಣ್ಣಬಣ್ಣದ ಅಂಚು ಹಾಕಿ, ಒಂದನ್ನೂ ತಿರುಗಿಸಿ ನೋಡದ ಹುಡುಗರನ್ನು ಕಂಡಿದ್ದೇನೆ.

ಹೆಜ್ಜೆ 4: ವೇಳಾಪಟ್ಟಿಯನ್ನು ನಿಮ್ಮ ಮನೆ ನೋಡಿ ಮಾಡಿ

ಬೆಳಿಗ್ಗೆ ನಾಲ್ಕಕ್ಕೆ ಏಳು, ರಾತ್ರಿ ಹನ್ನೊಂದರವರೆಗೆ ಓದು ಎಂಬ ಪಟ್ಟಿ ಗೋಡೆಯ ಮೇಲೆ ಚೆಂದ. ಮೂರನೆಯ ದಿನ ತಪ್ಪುತ್ತದೆ, ನಾಲ್ಕನೆಯ ದಿನ ಅದನ್ನು ನೋಡಿದರೇ ಅಪರಾಧಿ ಭಾವ. ಅದರ ಬದಲು ನಿಮ್ಮ ಮನೆ ನಿಜವಾಗಿ ಹೇಗೆ ನಡೆಯುತ್ತದೆ ನೋಡಿ. ಹಾಲು ಹಾಕಿ ಬರಬೇಕೇ? ಏಳರಿಂದ ಒಂಬತ್ತು ಟಿವಿಯ ಸದ್ದಿರುತ್ತದೆಯೇ? ಸಂಜೆ ಕರೆಂಟು ಹೋಗುತ್ತದೆಯೇ? ಇವೆಲ್ಲ ಕಳೆದು ಉಳಿದ ಹೊತ್ತೇ ನಿಮ್ಮದು. ಶಾಲೆ ಇರುವ ದಿನ ಅದು ಮೂರೂವರೆ ಗಂಟೆಯಾದರೂ ಸಾಕು, ಆ ಮೂರೂವರೆ ಗಂಟೆ ನಿಜವಾದದ್ದಾಗಿದ್ದರೆ. ನಲವತ್ತು ನಿಮಿಷ ಕೂತು, ಹತ್ತು ನಿಮಿಷ ಏಳಿ. ಎದ್ದಾಗ ನೀರು ಕುಡಿದು ಅಂಗಳದಲ್ಲಿ ಓಡಾಡಿ. ಮೊಬೈಲ್ ನೋಡಿದರೆ ಅದು ವಿರಾಮವಲ್ಲ, ಹತ್ತು ನಿಮಿಷಕ್ಕೆ ಮುಗಿಯುವುದೂ ಇಲ್ಲ. ಫೋನ್ ಸೈಲೆಂಟಿನಲ್ಲಿದ್ದರೆ ಸಾಲದು, ಬೇರೆ ಕೋಣೆಯಲ್ಲಿರಲಿ. ಒಂದೇ ಕೋಣೆಯ ಮನೆಯಾದರೆ ಅಮ್ಮನ ಸೆರಗಿನ ಗಂಟಿನಲ್ಲಿ.

ದಿನದ ಮೊದಲ ಬೈಠಕ್ಕು "ಬರಲ್ಲ" ಕಂಬಸಾಲಿನದ್ದೇ ಆಗಿರಲಿ. ಇಷ್ಟದ ವಿಷಯವನ್ನೇ ಮತ್ತೆ ಮತ್ತೆ ಓದಿ ಸಮಾಧಾನ ಪಡುವುದು ನಮ್ಮೆಲ್ಲರ ಚಟ. ಭಾನುವಾರ ಮಧ್ಯಾಹ್ನ ಏನೂ ಹಾಕಬೇಡಿ. ವಾರದಲ್ಲಿ ಬಿಟ್ಟುಹೋದದ್ದಕ್ಕೆ ಅದು ಜಾಗ, ಬಿಟ್ಟುಹೋಗಿಲ್ಲದಿದ್ದರೆ ಕ್ರಿಕೆಟ್.

ಬೆಳಗಿನ ಜಾವದ ಓದೇ ಶ್ರೇಷ್ಠವೇ? ಮನೆಯ ಹಿರಿಯರು ಬ್ರಾಹ್ಮೀ ಮುಹೂರ್ತ ಎನ್ನುತ್ತಾರೆ. ಬೆಳಿಗ್ಗೆ ಐದಕ್ಕೆ ಮನೆ ಮೌನವಾಗಿರುತ್ತದೆ ಎಂಬುದಂತೂ ನಿಜ. ಆದರೆ ಐದಕ್ಕೆ ಏಳಬೇಕಾದರೆ ಒಂಬತ್ತೂವರೆಗೆ ಮಲಗಿರಬೇಕು. ಹದಿಮೂರರಿಂದ ಹದಿನೆಂಟರ ವಯಸ್ಸಿನವರಿಗೆ ಎಂಟರಿಂದ ಹತ್ತು ಗಂಟೆ ನಿದ್ದೆ ಬೇಕೆಂದು ನಿದ್ರಾತಜ್ಞರ ಸಲಹೆ. ಏಳೂವರೆಗಿಂತ ಕೆಳಗಿಳಿಯಲು ನಾನಂತೂ ಒಪ್ಪುವುದಿಲ್ಲ. ಹಗಲು ಓದಿದ್ದು ಮಿದುಳಿನಲ್ಲಿ ಗಟ್ಟಿಯಾಗುವ ಕೆಲಸದಲ್ಲಿ ಬಹಳಷ್ಟು ನಡೆಯುವುದು ನಿದ್ದೆಯಲ್ಲೇ. ನಿದ್ದೆಗೆಟ್ಟು ಓದುವುದೆಂದರೆ ಹಾಲು ಹೆಪ್ಪಿಗಿಟ್ಟು ರಾತ್ರಿಯೆಲ್ಲ ಸೌಟು ಆಡಿಸಿದಂತೆ. ಸಂಜೆ ಐದರ ನಂತರ ಕಾಫಿ ಟೀ ಬಿಡಿ. ಕುಡಿದ ಕೆಫೀನಿನ ಅರ್ಧದಷ್ಟು ಐದಾರು ಗಂಟೆಯ ನಂತರವೂ ಮೈಯಲ್ಲಿರುತ್ತದೆ.

ಹೆಜ್ಜೆ 5: ಭಯ ಬಂದಾಗ

ಅಂಗೈ ಬೆವರುವುದು, ಎದೆ ಹೊಡೆದುಕೊಳ್ಳುವುದು, ಹೊಟ್ಟೆ ಕಿವುಚುವುದು, ಪದೇಪದೇ ಮೂತ್ರಕ್ಕೆ ಹೋಗಬೇಕೆನಿಸುವುದು. ಇದು ಅಡ್ರಿನಾಲಿನ್ ಕೆಲಸ. ನಿಮ್ಮ ವಿಜ್ಞಾನದ ಪುಸ್ತಕದಲ್ಲೇ ಇದೆ, ಅಳಿಲೋ ಮನುಷ್ಯನೋ ಓಡಲು ಅಥವಾ ಎದುರಿಸಲು ಮೈ ಸಜ್ಜಾಗುವ ಬಗೆ. ಸ್ವಲ್ಪ ಇದ್ದರೆ ಒಳ್ಳೆಯದೇ, ಎಚ್ಚರ ಕೊಡುತ್ತದೆ. ಮಿತಿ ಮೀರಿದಾಗ ತಲೆಯೊಳಗೆ ಚಿಂತೆಯೇ ಜಾಗ ಹಿಡಿದು, ಲೆಕ್ಕಕ್ಕೆ ಜಾಗ ಉಳಿಯುವುದಿಲ್ಲ.

ಆಗ ಕೈಗೆ ಸಿಗುವ ಮೊದಲ ಸಾಧನ ಉಸಿರು. ಮೂಗಿನಿಂದ ನಾಲ್ಕು ಎಣಿಸುವಷ್ಟು ಒಳಗೆ, ಆರು ಎಣಿಸುವಷ್ಟು ನಿಧಾನವಾಗಿ ಹೊರಗೆ. ಹೊರಗೆ ಬಿಡುವ ಉಸಿರು ಉದ್ದವಾದಾಗ ಎದೆಬಡಿತ ಇಳಿಯುತ್ತದೆ. ಹತ್ತು ಸಲ ಮಾಡಿ. ಪರೀಕ್ಷೆಯ ದಿನವೇ ಮೊದಲ ಬಾರಿ ಮಾಡಿದರೆ ಫಲ ಕಡಿಮೆ, ಇವತ್ತು ರಾತ್ರಿಯಿಂದಲೇ ಮಲಗುವ ಮುನ್ನ ರೂಢಿ ಮಾಡಿಕೊಳ್ಳಿ.

ಎರಡನೆಯದು, ಭಯವನ್ನು ಬರೆದುಬಿಡುವುದು. ಷಿಕಾಗೊ ವಿಶ್ವವಿದ್ಯಾಲಯದ ರಮಿರೆಜ್ ಮತ್ತು ಬೈಲಾಕ್ 2011ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಪರೀಕ್ಷೆಗೆ ಮುನ್ನ ಹತ್ತು ನಿಮಿಷ ತಮ್ಮ ಚಿಂತೆಯನ್ನು ಕಾಗದದ ಮೇಲೆ ಇಳಿಸಿದ ಅಂಜುಬುರುಕ ವಿದ್ಯಾರ್ಥಿಗಳ ಅಂಕ ಸುಧಾರಿಸಿತ್ತು. "ಫೇಲಾದ್ರೆ ಅಪ್ಪ ಏನಂತಾರೋ, ಮಾವ ನಗ್ತಾನೆ" ಎಂದು ಇದ್ದದ್ದು ಇದ್ದಂತೆ ಬರೆಯಿರಿ. ಯಾರಿಗೂ ತೋರಿಸಬೇಡಿ, ಹರಿದು ಒಲೆಗೆ ಹಾಕಿ.

ಮೂರನೆಯದೇ ನಿಜವಾದ ಮದ್ದು: ಮನೆಯಲ್ಲೇ ಪೂರ್ತಿ ಪರೀಕ್ಷೆ ಬರೆಯುವುದು. ವಿಷಯಕ್ಕೆ ಎರಡು ಪತ್ರಿಕೆಯಾದರೂ ಆಗಬೇಕು. ರಜೆಯ ದಿನ ಬೆಳಿಗ್ಗೆ ಹತ್ತಕ್ಕೆ ಮೇಜಿಗೋ ಮಣೆಗೋ ಕೂತು, ಗಡಿಯಾರ ಎದುರಿಗಿಟ್ಟು, ಮೂರು ಗಂಟೆ ಏಳದೆ ಬರೆಯಿರಿ. ಮೊದಲ ಸಲ ಎರಡು ಗಂಟೆಗೆ ಕೈ ನೋಯುತ್ತದೆ, ಸಮಯ ಸಾಲುವುದಿಲ್ಲ, ಅಂಕ ನೋಡಿದರೆ ಅಳು ಬರುತ್ತದೆ. ಅದೆಲ್ಲ ಮನೆಯಲ್ಲೇ ಆಗಿಹೋಗಲಿ.

ಇನ್ನೊಂದು ಸಂಗತಿ ಮಕ್ಕಳಿಗಿಂತ ಅಪ್ಪ ಅಮ್ಮಂದಿರಿಗೆ ತಿಳಿದಿರಬೇಕು. 2023-24ರಿಂದ ನಮ್ಮ ರಾಜ್ಯದಲ್ಲಿ ಪೂರಕ ಪರೀಕ್ಷೆ ಎಂಬ ಹೆಸರೇ ಹೋಗಿ, ಪರೀಕ್ಷೆ-1, ಪರೀಕ್ಷೆ-2 ಎಂದು ಒಂದಕ್ಕಿಂತ ಹೆಚ್ಚು ಅವಕಾಶಗಳು ಬಂದಿವೆ. ಪಾಸಾದವರೂ ಅಂಕ ಹೆಚ್ಚಿಸಿಕೊಳ್ಳಲು ಮತ್ತೆ ಬರೆಯಬಹುದು, ಹೆಚ್ಚು ಬಂದ ಅಂಕವನ್ನೇ ಉಳಿಸಿಕೊಳ್ಳಬಹುದು. ಮಾರ್ಚ್ ತಿಂಗಳ ಒಂದು ಬೆಳಗಿನ ಮೇಲೆ ಇಡೀ ಬದುಕು ನಿಂತಿಲ್ಲ. "ಪಕ್ಕದ ಮನೆಯವಳಿಗೆ 610 ಬಂತಂತೆ" ಎಂಬ ವಾಕ್ಯವನ್ನು ಏಪ್ರಿಲ್ ಕಳೆಯುವವರೆಗೆ ದಯವಿಟ್ಟು ನುಂಗಿಕೊಳ್ಳಿ.

ಆದರೂ ಕೆಲವು ಮಕ್ಕಳಿಗೆ ಇದು ಸಾಲುವುದಿಲ್ಲ. ವಾರಗಟ್ಟಲೆ ನಿದ್ದೆ ಇಲ್ಲ, ಊಟ ಸೇರುವುದಿಲ್ಲ, ಯಾರೊಂದಿಗೂ ಮಾತಿಲ್ಲ, ಸಾಯುವ ಮಾತು ಆಡುತ್ತಾರೆ ಎಂದರೆ ಅದನ್ನು "ನಾಟಕ" ಎನ್ನಬೇಡಿ. ಟೆಲಿ ಮಾನಸ್ ಸಹಾಯವಾಣಿ 14416 ಹಗಲೂ ರಾತ್ರಿ ಇರುತ್ತದೆ, ಉಚಿತ, ಕನ್ನಡದಲ್ಲೇ ಮಾತಾಡಬಹುದು. 2022ರಲ್ಲಿ ಶುರುವಾದ ಈ ಸೇವೆಗೆ ಬೆಂಗಳೂರಿನ ನಿಮ್ಹಾನ್ಸ್ ಮುಖ್ಯ ಕೇಂದ್ರ. ಮಕ್ಕಳು ತಾವೇ ಕರೆ ಮಾಡಬಹುದು. ಕರೆ ಮಾಡಲು ಸಂಕೋಚವಾದರೆ ನಿಮಗೆ ಹಿಡಿಸುವ ಒಬ್ಬ ಟೀಚರ್ ಬಳಿ ಹೋಗಿ "ನಂಗೆ ಆಗ್ತಿಲ್ಲ ಮಿಸ್" ಅನ್ನಿ. ಅಷ್ಟು ಹೇಳಿದರೆ ಮುಂದಿನದು ನಮ್ಮ ಕೆಲಸ.

ಹೆಜ್ಜೆ 6: ಹಿಂದಿನ ರಾತ್ರಿ, ಮತ್ತು ಆ ಮೂರು ಗಂಟೆ

ಹಿಂದಿನ ದಿನ ಹೊಸ ಪಾಠ ಮುಟ್ಟಬೇಡಿ. ಕೆಂಪು ಪೆನ್ನಿನ ಹಾಳೆಗಳು, ಮೊದಲ ಡಬ್ಬದ ಚೀಟಿಗಳು, ಅಷ್ಟೇ. ಪ್ರವೇಶ ಪತ್ರ, ಬರೆದು ಪಳಗಿದ ಎರಡು ಮೂರು ಪೆನ್ನು, ಪೆನ್ಸಿಲ್, ಜ್ಯಾಮಿತಿ ಪೆಟ್ಟಿಗೆ, ನೀರಿನ ಬಾಟಲಿ ರಾತ್ರಿಯೇ ಚೀಲದಲ್ಲಿರಲಿ. ಪರೀಕ್ಷಾ ಕೇಂದ್ರ ಬೇರೆ ಊರಿನಲ್ಲಿದ್ದರೆ ಮೊದಲೇ ಒಮ್ಮೆ ಹೋಗಿ ನೋಡಿ ಬನ್ನಿ. ಊಟಕ್ಕೆ ದಿನಾ ಉಣ್ಣುವುದೇ ಸರಿ. ಮುದ್ದೆ ಸಾರು ಉಣ್ಣುವವರು ಅದನ್ನೇ ಉಣ್ಣಿ. ಪರೀಕ್ಷೆಗೆಂದು ಹೋಟೆಲಿನ ಪೂರಿ ತಿನ್ನಿಸುವ ಪ್ರೀತಿ ಆ ದಿನ ಬೇಡ.

ಪ್ರಶ್ನೆಪತ್ರಿಕೆ ಓದಿಕೊಳ್ಳಲೆಂದೇ ಮೊದಲ ಹದಿನೈದು ನಿಮಿಷ ಇದೆ. ಆ ಹೊತ್ತಿನಲ್ಲಿ ಪೂರ್ತಿ ಪತ್ರಿಕೆ ಓದಿ. ಆಯ್ಕೆ ಇರುವ ಕಡೆ ಯಾವುದನ್ನು ಬರೆಯುವುದೆಂದು ಅಲ್ಲೇ ತೀರ್ಮಾನಿಸಿ. ಆಮೇಲೆ ಲೆಕ್ಕ ಸರಳ: ಗಣಿತ, ವಿಜ್ಞಾನದಂಥ ಪತ್ರಿಕೆಗೆ 80 ಅಂಕ, 180 ನಿಮಿಷ, ಅಂಕಕ್ಕೆ ಎರಡೂಕಾಲು ನಿಮಿಷ. ನಾಲ್ಕು ಅಂಕದ ಪ್ರಶ್ನೆಗೆ ಒಂಬತ್ತು ನಿಮಿಷ. ಹನ್ನೆರಡು ನಿಮಿಷವಾದರೂ ಬಗೆಹರಿಯದಿದ್ದರೆ ಜಾಗ ಬಿಟ್ಟು ಮುಂದೆ ಹೋಗಿ. ಒಂದು ಅಂಕದವನ್ನು ಸರಸರನೆ ಮುಗಿಸಿದರೆ ಕೊನೆಗೆ ಹದಿನೈದು ನಿಮಿಷ ಉಳಿಯುತ್ತದೆ. ಬಿಟ್ಟದ್ದಕ್ಕೆ ಆಗ ಮರಳಿ.

ಇದ್ದಕ್ಕಿದ್ದಂತೆ ಏನೂ ತೋಚದಿದ್ದರೆ? ಪೆನ್ನು ಕೆಳಗಿಡಿ. ಹತ್ತು ಉಸಿರು. ಆ ಪ್ರಶ್ನೆಗೆ ಸಂಬಂಧಿಸಿದ ಏನಾದರೂ ಒಂದನ್ನು ಬರೆಯಿರಿ: ಸೂತ್ರ, ದತ್ತಾಂಶ, ಒಂದು ಚಿತ್ರ. ಒಂದು ಎಳೆ ಸಿಕ್ಕರೆ ಉಳಿದದ್ದು ಹಿಂದೆಯೇ ಬರುವುದುಂಟು. ಗಣಿತದಲ್ಲಿ ಹಂತಹಂತಕ್ಕೂ ಅಂಕವಿದೆ. ಉತ್ತರ ತಪ್ಪಿದರೂ ಸೂತ್ರಕ್ಕೆ ಮತ್ತು ಅದರಲ್ಲಿ ಬೆಲೆಗಳನ್ನು ಆದೇಶಿಸಿದ ಸಾಲಿಗೆ ಸಿಗಬೇಕಾದದ್ದು ಸಿಗುತ್ತದೆ. ಖಾಲಿ ಜಾಗಕ್ಕೆ ಅಂಕ ಕೊಡಲು ಮೌಲ್ಯಮಾಪಕರಿಗೆ ದಾರಿಯಿಲ್ಲ.

ಹೊರಗೆ ಬಂದ ಮೇಲೆ ಗೇಟಿನ ಬಳಿ ನಿಲ್ಲಬೇಡಿ. "ಹದಿನೆಂಟನೇದಕ್ಕೆ ಎಷ್ಟು ಬಂತೋ?" ಎಂಬ ಗುಂಪಿನಿಂದ ಯಾರೂ ಖುಷಿಯಾಗಿ ಹೊರಟಿದ್ದನ್ನು ನಾನು ನೋಡಿಲ್ಲ. ಸೀದಾ ಮನೆಗೆ ಹೋಗಿ, ಊಟ ಮಾಡಿ, ಒಂದು ಗಂಟೆ ಮಲಗಿ. ಮುಗಿದ ಪತ್ರಿಕೆಯನ್ನು ಬೀರುವಿನ ಮೇಲೆ ಎಸೆಯಿರಿ.

ಯುಗಾದಿ ಎಷ್ಟೋ ವರ್ಷ ಪರೀಕ್ಷೆಗಳ ನಡುವೆಯೇ ಬಂದು ಕೂರುತ್ತದೆ. 2025ರಲ್ಲಿ ಮಾರ್ಚ್ 30ಕ್ಕೆ ಬಂದಿತ್ತು, ಮಕ್ಕಳು ಇನ್ನೂ ಬರೆಯುತ್ತಲೇ ಇದ್ದರು. ಹಬ್ಬದ ದಿನ ಕೋಣೆಯ ಬಾಗಿಲು ಹಾಕಿ ಕೂರಿಸುವ ಮನೆಗಳಿವೆ. ಅದು ಬೇಡ. ಎಣ್ಣೆನೀರು ಹಾಕಿಕೊಳ್ಳಿ, ಹೋಳಿಗೆ ಎರಡಕ್ಕೆ ನಿಲ್ಲಿಸಿ, ಮಧ್ಯಾಹ್ನ ಒಂದು ನಿದ್ದೆ ತೆಗೆಯಿರಿ. ಸಂಜೆ ನಾಲ್ಕಕ್ಕೆ ಎದ್ದು, ಮುಖ ತೊಳೆದು, ಮೊದಲನೆಯ ಡಬ್ಬದ ಮುಚ್ಚಳ ತೆಗೆಯಿರಿ.